ಕೊತ್ತಂಬರಿ ದಂಟು

ನಾವು ಸಾಕಿದ ಮೊಲ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಸಂಜೆಯೊಳಗೆ ಹುಲ್ಲೋ ಸೊಪ್ಪೋ ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದು ಮುಂಬಯಿಯ ದಾದರಿನ ಡಾಕ್ಟರು ಹೇಳಿದ್ದರು.

ವಡಾಲದ ನಮ್ಮ ಮನೆಯಲ್ಲಿ ಅಪ್ಪ ಅದಕ್ಕಾಗಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು. ಎಳೆ ಎಲೆ ಬಟ್ಟಲಿಗೆ, ದಂಟು ಕಸದ ಬುಟ್ಟಿಗೆ. ಮೊಲ ಬಟ್ಟಲನ್ನು ಮೂಸಿ ಮುಖ ತಿರುಗಿಸಿತು. ಒಣಹುಲ್ಲಿನ ಹತ್ತಿರವೂ ಸುಳಿಯಲಿಲ್ಲ.

"ಬಿಸ್ಕಿಟ್ ಕೊಟ್ಟು ಕೊಟ್ಟು ಹಾಳು ಮಾಡಿದ್ದು ನೀವೇ," ಎಂದು ರೇಗಿದೆ. ಸಿಟ್ಟಿನಲ್ಲಿ ಎದ್ದಾಗ ಕಾಲು ತಾಗಿ ಬುಟ್ಟಿ ಉರುಳಿತು. ಚೆಲ್ಲಿದ ದಂಟಿಗೆ ಮೊಲ ಬಾಯಿ ಹಾಕಿತು. ಉಳಿದದ್ದನ್ನು ತೊಳೆದು ಹುಲ್ಲಿನಲ್ಲಿ ಬೆರೆಸಿಟ್ಟೆ, ಹುಲ್ಲನ್ನೂ ತಿಂದಿತು.

"ದಂಟು ಯಾಕೆ ಬಿಸಾಡಿದ್ರಿ?"

"ಹೋಟೆಲಲ್ಲಿ ಎಲೆ ಗಿರಾಕಿಗೆ, ದಂಟಿನ ಸಾರು ನಮಗೆ, ಕೆಲಸದವರಿಗೆ," ಎಂದರು ಅಪ್ಪ. "ಇದಕ್ಕೂ ಅದನ್ನೇ ಹೇಗೆ ಕೊಡುದು?"