ಬಿಸಿ ಟೈರಿನ ಸುಳ್ಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಂಕ್ಚರ್ ಅಂಗಡಿಯ ಮುಂದೆ ತರಕಾರಿ ತುಂಬಿದ ಪಿಕಪ್ ನಿಂತಿದೆ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ಹೆಂಗಸು ವಾಲ್ವಿಗೆ ಮೀಟರು ಒತ್ತುತ್ತಾರೆ, ಮುಳ್ಳು ನೋಡುತ್ತಾರೆ, ತೆಗೆದು ಮತ್ತೆ ಒತ್ತುತ್ತಾರೆ. ಸಾಲದೆಂದು ಇನ್ನೊಂದು ಮೀಟರಿನಲ್ಲೂ ನೋಡುತ್ತಾರೆ. ಎರಡೂ ಒಂದೇ ಮಾತು ಹೇಳಿದ ಮೇಲಷ್ಟೇ ಅವರ ಹುಬ್ಬು ಸಡಿಲವಾಗುವುದು. ಡ್ರೈವರುಗಳೆಲ್ಲ ಇವರನ್ನು ಕರೆಯುವುದು ಗಾಳಿಯಕ್ಕ ಎಂದು.

ಈ ಅನುಮಾನ ಹುಟ್ಟುಗುಣವಲ್ಲ. ಅಂಗಡಿ ಮೊದಲು ಗಂಡ ನಡೆಸುತ್ತಿದ್ದುದು. ಒಂದು ದಿನ ಮೀಟರಿನ ಮುಳ್ಳು ಮೂವತ್ತರಲ್ಲೇ ಕಚ್ಚಿಕೊಂಡಿತ್ತು. ಅವರು ಅದನ್ನೇ ನಂಬಿ ಗಾಳಿ ತುಂಬುತ್ತಾ ಹೋದರು. ಟೈರು ಸಿಡಿದು ಬಲಗೈ ಮುರಿಯಿತು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಆಗ ಜಾಕು, ಲಿವರು ಗಾಳಿಯಕ್ಕನ ಕೈಗೆ ಬಂದವು. ಮೊದಮೊದಲು ಗಿರಾಕಿಗಳು "ಯಜಮಾನ್ರಿಲ್ವಾ?" ಎಂದು ಕೇಳಿ ಗಾಡಿ ತಿರುಗಿಸಿಬಿಡುತ್ತಿದ್ದರು. ಈಗ ದಿನಕ್ಕೆ ನಲವತ್ತು ಐವತ್ತು ಗಾಡಿ ಬರುತ್ತವೆ. ಗಂಡ ಒಳಗೆ ಕೂತು ಎಡಗೈಯಲ್ಲೇ ಟ್ಯೂಬನ್ನು ನೀರಿಗದ್ದಿ ತೂತು ಹುಡುಕುತ್ತಾರೆ. "ಇವಳು ಮೀಟರನ್ನೂ ನಂಬಲ್ಲ, ನನ್ನನ್ನೂ ನಂಬಲ್ಲ. ಊಟ ಆಯ್ತು ಅಂದ್ರೂ ತಟ್ಟೆ ನೋಡ್ತಾಳೆ," ಎಂದು ನಗುತ್ತಾರೆ.

ಇಂಥವರ ಮೇಲೆಯೇ ಕಳೆದ ಬೇಸಿಗೆಯಲ್ಲಿ ಅನುಮಾನದ ಕಣ್ಣು ಬಿತ್ತು. ಈಗ ಅಂಗಡಿಯ ಮುಂದೆ ನಿಂತಿರುವ ಈ ಪಿಕಪ್ ಇಬ್ಬರು ಅಣ್ಣತಮ್ಮಂದಿರದು. ಬೆಳಗಿನ ಸರದಿ ಅಣ್ಣನದು, ಮಧ್ಯಾಹ್ನದಿಂದ ತಮ್ಮನದು. ಗಾಡಿ ನಿಲ್ಲಿಸುವ ಶೆಡ್ಡು ಪಕ್ಕದ ಬೀದಿಯಲ್ಲೇ ಇದೆ. ತುಂಬಿದ ಗಾಡಿಗೆ ಹಿಂದಿನ ಟೈರಿಗೆ ಐವತ್ತೈದು ಎಂದು ಬಾಗಿಲ ಅಂಚಿನಲ್ಲೇ ಬರೆದಿದೆ. ಗಾಳಿಯಕ್ಕ ಹಾಕುವುದೂ ಅಷ್ಟೇ.

"ಅಕ್ಕಾ, ನಿನ್ನೆ ಐವತ್ತೈದು ಹಾಕಿದ್ರಿ, ಇವತ್ತು ಎರಡೂ ಟೈರಲ್ಲಿ ನಲವತ್ತೆಂಟು. ಗಾಳಿಗೇನು ಕಾಲು ಬಂತಾ?" ಎಂದು ಅಣ್ಣ ಒಂದು ಬೆಳಿಗ್ಗೆ ಕೇಳಿದರು. ವಾಲ್ವಿಗೆ ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನವೂ ಅದೇ ಕತೆ. ಮೂರನೆಯ ಸಲ ಅವರು ನಾಲ್ಕು ಜನ ಡ್ರೈವರುಗಳ ಎದುರಿಗೇ ಅಂದುಬಿಟ್ಟರು: "ದಿನಾ ಬರ್ಲಿ ಅಂತ ವಾಲ್ವಿನ ಪಿನ್ನು ಸಡಿಲ ಬಿಡ್ತಿದೀರಾ ಹೆಂಗೆ?"

ಗಾಳಿಮಾತು ಗಾಳಿಗಿಂತ ಬೇಗ ಹರಡುತ್ತದೆ. ಆ ವಾರ ಇಬ್ಬರು ಹಳೇ ಗಿರಾಕಿಗಳು ಅಂಗಡಿಯತ್ತ ಸುಳಿಯಲಿಲ್ಲ. "ಅನ್ನದ ತಟ್ಟೆ ಎಳೆದುಕೊಂಡ ಹಂಗಾಯ್ತು," ಎನ್ನುತ್ತಾರೆ ಗಾಳಿಯಕ್ಕ. "ಪಂಕ್ಚರ್ ಆದ್ರೆ ಒಂದು ಟೈರು ಇಳಿಯುತ್ತೆ. ಎರಡೂ ಸಮಸಮ ಇಳಿದ್ರೆ ಅದು ಕೈ ಕೆಲಸ. ಯಾರ ಕೈ ಅನ್ನೋದೊಂದು ಗೊತ್ತಾಗ್ಬೇಕಿತ್ತು."

ಒಂದು ಮಧ್ಯಾಹ್ನ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಅಣ್ಣತಮ್ಮಂದಿರು ಗಾಡಿ ಕೈಬದಲಿಸುವ ಮಾರುಕಟ್ಟೆಗೆ ನಡೆದರು. ಅಣ್ಣ ಗಾಡಿ ಬಿಟ್ಟು ಆಗತಾನೇ ಹೋಗಿದ್ದರು. ತಮ್ಮ ಹಿಂದಿನ ಚಕ್ರದ ಹತ್ತಿರ ಬಗ್ಗಿ ವಾಲ್ವನ್ನು ಒತ್ತಿ ಹಿಡಿದಿದ್ದ. ಬುಸ್ ಎಂದು ಗಾಳಿ ಹೋಗುತ್ತಿತ್ತು.

"ಸಿಕ್ಕಿಬಿದ್ದೆಯಲ್ಲಪ್ಪಾ!"

ತಮ್ಮ ಬೆಚ್ಚಲಿಲ್ಲ. ಇನ್ನೂ ಮುಟ್ಟಿರದ ಚಕ್ರಕ್ಕೆ ತನ್ನ ಮೀಟರು ಒತ್ತಿ ತೋರಿಸಿದ. ಅರವತ್ತಮೂರು. "ನೀವೇ ನೋಡಿ. ಅಣ್ಣ ಬೇಕಂತಲೇ ಜಾಸ್ತಿ ತುಂಬಿಸ್ತಾನೆ. ನನ್ನ ಸರದೀಲಿ ಸಿಡೀಲಿ, ತಮ್ಮನಿಗೆ ಗಾಡಿ ಓಡ್ಸೋಕೆ ಬರಲ್ಲ ಅಂತ ಹೇಳಿ ತಾನೊಬ್ಬನೇ ಇಟ್ಕೋಬಹುದು ಅಂತ."

ಗಾಳಿಯಕ್ಕ ಟೈರಿನ ಮೇಲೆ ಅಂಗೈ ಇಟ್ಟರು. ಚುರ್ ಎಂದಿತು.

"ಓಡಿ ಬಂದ ಟೈರು ಕಾದಿರುತ್ತೆ, ಒಳಗಿನ ಗಾಳಿ ಉಬ್ಬಿರುತ್ತೆ. ಈಗ ಅಳೆದ್ರೆ ಜಾಸ್ತಿನೇ ತೋರ್ಸೋದು. ನೀನು ಬಿಟ್ರೆ ತಣ್ಣಗಾದ್ಮೇಲೆ ಕಮ್ಮಿಯಾಗುತ್ತೆ. ಕಮ್ಮಿ ಗಾಳೀಲಿ ಭಾರ ಹೊತ್ರೆ ಟೈರು ಬಾಗಿ ಬಾಗಿ ಇನ್ನೂ ಕಾಯುತ್ತೆ ಕಣಪ್ಪಾ. ಸಿಡಿಯೋದು ಆವಾಗ."

"ಅಣ್ಣ ಹೇಳಿಕೊಟ್ಟು ಕಳಿಸಿದ್ನಾ?"

"ನನ್ನನ್ನ ನಂಬಬೇಡ. ಬೆಳಿಗ್ಗೆ ಸರಿಯಾಗಿ ತುಂಬಿಕೊಡ್ತೀನಿ, ನಾಳೆ ಒಂದು ದಿನ ವಾಲ್ವು ಮುಟ್ಟಬೇಡ. ನಾಡಿದ್ದು ಬೆಳಿಗ್ಗೆ ಅಣ್ಣನ ಜೊತೆ ಬಾ. ನಿನ್ನ ಮೀಟರೂ ತಾ."

ಬಂದರು. ಎಣ್ಣೆ ಸೀಗೆಕಾಯಿಯ ಹಾಗೆ ಗಾಡಿಯ ಆಚೆಗೊಬ್ಬ, ಈಚೆಗೊಬ್ಬ ನಿಂತರು. ಗಾಳಿಯಕ್ಕ ಇಬ್ಬರ ಕೈಯನ್ನೂ ತಣ್ಣನೆಯ ಟೈರಿಗೆ ಮುಟ್ಟಿಸಿ ಮೀಟರು ಒತ್ತಿದರು. ಐವತ್ತೈದು. ಇನ್ನೊಂದರಲ್ಲೂ ಐವತ್ತೈದು. ಕೊನೆಗೆ ತಮ್ಮ ತನ್ನ ಮೀಟರನ್ನು ತಾನೇ ಒತ್ತಿ ನೋಡಿದ. ಅದೂ ಬೇರೆ ಹೇಳಲಿಲ್ಲ.

"ಗಾಳಿ ಬಿಡ್ತಿದೀನಿ ಅಂತ ನನಗೊಂದು ಮಾತು ಹೇಳೋಕೆ ಏನಾಗಿತ್ತು?" ಎಂದರು ಅಣ್ಣ.

"ನೀನು ಕೇಳಿದ್ರೆ ತಾನೆ? ಅಕ್ಕನ್ನ ಬೈಕೊಂಡು ಕೂತೆ."

ಅಣ್ಣ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಆದರೆ ಅಂದೇ ಚಹಾದಂಗಡಿಯಲ್ಲಿ ಆ ನಾಲ್ಕೂ ಡ್ರೈವರುಗಳ ಎದುರು ತಪ್ಪು ನಮ್ಮ ಮನೆಯದೇ ಎಂದರಂತೆ. ಮುನಿಸಿಕೊಂಡ ಗಿರಾಕಿಗಳು ಹಿಂದಿರುಗಿದರು.

ಇವತ್ತು ಪಿಕಪ್ ತಂದವರೂ ಆ ಅಣ್ಣನೇ. ಈಗಲೂ ಗಾಳಿಯಕ್ಕನ ಹೆಗಲ ಮೇಲಿಂದ ಬಗ್ಗಿ ಮುಳ್ಳನ್ನೇ ನೋಡುತ್ತಿದ್ದಾರೆ. ಬೇಜಾರಾಗುವುದಿಲ್ಲವೇ ಎಂದರೆ, ಗಾಳಿಯಕ್ಕ ಪೈಪು ಸುತ್ತುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ನೋಡ್ಲಿ ಬಿಡಿ. ನೋಡಿದಷ್ಟೂ ನನ್ನ ಕೆಲಸಾನೇ ತಾನೆ ಕಾಣೋದು."