ನಾಲ್ಕು ಗಂಟೆಯ ಬೆಲ್ಲ

ಪುಣೆಯ ಹಡಪಸರದ ಆ ಕಾರ್ಖಾನೆಯಲ್ಲಿ ದಿನಾ ನಾಲ್ಕು ಗಂಟೆಗೆ ಬೆಲ್ಲ ಹಂಚುತ್ತಿದ್ದರು. ಚಹದ ಜೊತೆಗೆ, ಹಳೆಯ ಪೇಪರಿನ ತುಂಡಿನ ಮೇಲೆ ಒಂದು ಉಂಡೆ. ಆಸಿಡ್ ಹೊಗೆ ಕುಡಿದವರು ಬೆಲ್ಲ ತಿಂದರೆ ಎದೆ ತೊಳೆದುಹೋಗುತ್ತದೆ ಎಂಬ ನಂಬಿಕೆ ಅಲ್ಲಿ ಎಲ್ಲರಿಗೂ ಇತ್ತು. ಆ ನಂಬಿಕೆಯನ್ನು ಯಾರು ಹುಟ್ಟಿಸಿದರೋ ತಿಳಿಯದು. ಅದರಿಂದ ಲಾಭ ಯಾರಿಗೆ ಎಂಬುದು ಮಾತ್ರ ನನಗೆ ಬೇಗ ತಿಳಿಯಿತು.

ಸೈನ್ಯದ ವರ್ಕ್‌ಶಾಪಿನಿಂದ ಸುಬೇದಾರನಾಗಿ ನಿವೃತ್ತನಾಗಿ ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಸೂಪರ್‌ವೈಸರ್ ಆಗಿ ಸೇರಿದೆ. ಮೋಟಾರ್‌ಸೈಕಲ್ಲಿನ ಬಿಡಿಭಾಗಗಳಿಗೆ ಕ್ರೋಮ್ ಹೊಳಪು ಕೊಡುವ ಕಾರ್ಖಾನೆ. ಮಾಲೀಕರಾದ ಶೇಠರು ಬೆಳಗಾವಿ ಕಡೆಯ ವ್ಯಾಪಾರಸ್ಥರು. ಆಸಿಡ್ ಟ್ಯಾಂಕಿನ ಮುಂದೆ ದುಡಿಯುವವರು ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು. “ನಮ್ಮ ಮಂದೀಗೆ ನಾವ ಅನ್ನ ಹಾಕದಿದ್ರ ಯಾರ ಹಾಕ್ತಾರ್ರಿ?” ಎಂದು ಶೇಠರು ಬಂದವರೆದುರಿಗೆಲ್ಲ ಹೇಳುತ್ತಿದ್ದರು.

ಕಾಯಿಸಿದ ಕ್ರೋಮಿಕ್ ಆಸಿಡ್ಡಿನಲ್ಲಿ ಕರೆಂಟ್ ಹರಿದಾಗ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ, ಹಳದಿ ಮಂಜು ಮೇಲೇಳುತ್ತದೆ. ಅದು ಮೊದಲು ತಿನ್ನುವುದು ಮೂಗನ್ನು. ನಿಯಮಗಳು ಗೋಡೆಯ ಬೋರ್ಡಿನ ಮೇಲಿದ್ದವು. ಫ್ಯಾನ್ ಹಾಕದೆ ಟ್ಯಾಂಕ್ ಶುರು ಮಾಡಬಾರದು. ಮುಖವಾಡ, ಕೈಗವಸು ಇಲ್ಲದೆ ಹತ್ತಿರ ನಿಲ್ಲಬಾರದು. ಕೆಲಸಗಾರರ ಮೂಗನ್ನು ಆಗಾಗ ಡಾಕ್ಟರರು ಪರೀಕ್ಷಿಸಬೇಕು. ಮೂಗಿನಲ್ಲಿ ಹುಣ್ಣಾದವನನ್ನು ಟ್ಯಾಂಕಿನಿಂದ ದೂರ ಇಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ. ಟ್ಯಾಂಕಿನ ಮುಂದೆ ನಿಂತವರಲ್ಲಿ ಹೆಚ್ಚಿನವರಿಗೆ ಕನ್ನಡವನ್ನೂ ಓದಲು ಬರುತ್ತಿರಲಿಲ್ಲ. ಹಾಗಾಗಿ ಬೆಳಗಿನ ಪಾಳಿಗೆ ಮುಂಚೆ ಅವರನ್ನು ಸಾಲಾಗಿ ನಿಲ್ಲಿಸಿ ನಾನೇ ಓದಿ ಹೇಳುತ್ತಿದ್ದೆ.

“ಸುಬೇದಾರ್ ಸಾಹೇಬ್ರ ಪ್ರಾರ್ಥನಾ ಮುಗೀತು. ಪ್ರಸಾದ ನಾಕು ಗಂಟೇಕ್ಕ” ಎಂದು ಹಿಂದಿನ ಸಾಲಿನಿಂದ ಯಾರಾದರೂ ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಫ್ಯಾನ್ ಇರಲಿಲ್ಲವೆಂದಲ್ಲ. ಟ್ಯಾಂಕಿನ ಅಂಚಿನಿಂದ ಮಂಜನ್ನು ಎಳೆದು ಛಾವಣಿಯಾಚೆ ಬಿಡುವ ದೊಡ್ಡ ಫ್ಯಾನ್ ಇತ್ತು, ಮೊದಮೊದಲು ಓಡುತ್ತಲೂ ಇತ್ತು. ಆಮೇಲೆ ಪಕ್ಕದ ಕಾರ್ಖಾನೆಯ ಮಾಲೀಕರ ಬಿಳಿ ಕಾರಿನ ಮೇಲೆ ಹಳದಿ ಚುಕ್ಕೆಗಳು ಬಿದ್ದವು. ಅವರು ಬಂದು ಜಗಳ ತೆಗೆದರು. ಹೊಗೆಯನ್ನು ನೀರಿನಲ್ಲಿ ತೊಳೆದು ಹೊರಗೆ ಬಿಡುವ ವ್ಯವಸ್ಥೆ ಮಾಡಿಸಬೇಕಿತ್ತು. ಶೇಠರು ಫ್ಯಾನನ್ನೇ ನಿಲ್ಲಿಸಿದರು. ಇನ್ಸ್‌ಪೆಕ್ಟರ್ ಬರುವ ಸುದ್ದಿ ಮೊದಲೇ ತಲುಪುತ್ತಿತ್ತು. ಆ ದಿನ ಮಾತ್ರ ಫ್ಯಾನ್ ಓಡುತ್ತಿತ್ತು, ಆ ದಿನ ಮಾತ್ರ ಪಕ್ಕದವರು ಕಾರಿಗೆ ಹೊದಿಕೆ ಹಾಕುತ್ತಿದ್ದರು.

“ಕಾರಿನ ಬಣ್ಣ ತಡೀಲಾರದ ಹೊಗಿ ಮನಷ್ಯಾರ ಮೂಗು ಹ್ಯಾಂಗ ತಡೀತದ್ರಿ?” ಎಂದು ನಾನು ಶೇಠರನ್ನು ಕೇಳಿದೆ.

“ಅದಕ್ಕ ಬೆಲ್ಲ ಕೊಡಾಕತ್ತೇನಲ್ರಿ” ಎಂದರು. ತಮಾಷೆಗೆ ಹೇಳಿದ್ದಲ್ಲ.

ಟ್ಯಾಂಕಿನವರಲ್ಲಿ ಹಿರಿಯನನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು. ಯಾದಗಿರಿ ಕಡೆಯವನು, ನನ್ನದೇ ವಯಸ್ಸು. ಅವನ ಮೂಗಿನಿಂದ ಆಗಾಗ ರಕ್ತ ಬರುತ್ತಿತ್ತು. ಒಳಗೆ ವ್ಯಾಸಲೀನ್ ಹಚ್ಚಿಕೋ ಎಂದು ಡಬ್ಬಿ ತಂದುಕೊಟ್ಟೆ. ಅದನ್ನು ಅವನ ಹೆಂಡತಿ ಒಡೆದ ಹಿಮ್ಮಡಿಗೆ ಹಚ್ಚಿಕೊಂಡಳು. ದಸರೆಗೆ ಮುಂಚೆ ಕೆಲಸಗಾರರು ಶೇಠರ ಮುಂದೆ ಬೇಡಿಕೆ ಇಡಲು ತಯಾರಾದಾಗ ನಾನು ಮಾಮಾನನ್ನು ಪಕ್ಕಕ್ಕೆ ಕರೆದೆ. ಅವನ ಮಾತನ್ನು ಉಳಿದವರು ಕೇಳುತ್ತಿದ್ದರು.

“ಮೊದಲ ಫ್ಯಾನ್ ಕೇಳ್ರಿ ಮಾಮಾ. ನಿಮ್ಮ ಮೂಗು ಹೋಗ್ತದ.”

“ಫ್ಯಾನ್ ಮನೀಗಿ ಒಯ್ಯಾಕ ಬರ್ತದೇನ್ರಿ ಸಾಹೇಬ್ರ?”

ಅಂದು ನನಗೆ ವಿಷಯ ಗೊತ್ತಾಯಿತು. ಬೆಲ್ಲವನ್ನು ಅವರಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು. ಮಕ್ಕಳ ಚಹಕ್ಕೆ, ಹಬ್ಬ ಬಂದರೆ ಹೋಳಿಗೆಗೆ. ಅವರ ಬೇಡಿಕೆ ಒಂದೇ ಆಗಿತ್ತು: ಬೆಲ್ಲದ ಉಂಡೆ ದೊಡ್ಡದಾಗಬೇಕು. ಶೇಠರು ಸ್ವಲ್ಪ ಹೊತ್ತು ಮುಖ ಗಂಟಿಕ್ಕಿ ಕುಳಿತು, ದೊಡ್ಡ ಮನಸ್ಸು ಮಾಡಿದವರಂತೆ ಒಪ್ಪಿದರು. ಕೆಲಸಗಾರರು ಗೆದ್ದೆವೆಂದು ಗುಲಾಲು ಹಚ್ಚಿಕೊಂಡರು. ಇಷ್ಟು ಅಗ್ಗದ ಸೋಲನ್ನು ಶೇಠರು ಬೇರೆಲ್ಲೂ ಕಂಡಿರಲಿಕ್ಕಿಲ್ಲ.

ಆ ಚಳಿಗಾಲದಲ್ಲಿ ಮಾಮಾನ ಮೂಗಿನ ರಕ್ತ ನಿಂತಿತು, ಉರಿಯೂ ಹೋಯಿತು. ವಾಸಿಯಾಯಿತೆಂದು ಖುಷಿಪಟ್ಟ. ಆದರೆ ಉಸಿರಾಡುವಾಗ ಮೂಗಿನಿಂದ ಸಣ್ಣ ಸಿಳ್ಳೆಯಂಥ ಸದ್ದು ಬರತೊಡಗಿತು.

“ಮಾಮಾಗ ಪೊಲೀಸ್ ನೌಕರಿ ಕೊಡಸ್ರಿ ಸಾಹೇಬ್ರ” ಎಂದ ಪಕ್ಕದ ಟ್ಯಾಂಕಿನವನು. “ಸೀಟಿ ಖರೀದಿ ಮಾಡೂದೇ ಬ್ಯಾಡ.”

ಎಲ್ಲರಿಗಿಂತ ಮೊದಲು ಮಾಮಾನೇ ನಕ್ಕ. ನಾನು ಅವನನ್ನು ಸ್ಟೋರ್ ರೂಮಿಗೆ ಕರೆದೊಯ್ದು ಕೂರಿಸಿ, ಒಂದು ಹೊಳ್ಳೆಯ ಬದಿಯಿಂದ ಟಾರ್ಚ್ ಹಿಡಿದೆ. ಬೆಳಕು ಇನ್ನೊಂದು ಹೊಳ್ಳೆಯಲ್ಲಿ ಕಂಡಿತು. ನಡುವಿನ ಗೋಡೆಯಲ್ಲಿ ತೂತು ಬಿದ್ದಿತ್ತು.

ಶೇಠರ ಬಳಿ ಹೋಗಿ ಡಾಕ್ಟರರನ್ನು ಕರೆಸಲೇಬೇಕೆಂದು ಹಟ ಹಿಡಿದೆ. ಡಾಕ್ಟರರು ಬಂದು ನೋಡಿ, ತೂತು ಹೌದೆಂದರು. ಬೆರಳು ಹಾಕಿ ಕೆರೆದುಕೊಂಡಿರಬೇಕು ಎಂದೂ ಸೇರಿಸಿದರು. ಮರುದಿನ ಶೇಠರು ಮಾಮಾನನ್ನು ಕೆಲಸದಿಂದ ಬಿಡಿಸಿದರು. ನಾನು ಕೇಳಲು ಹೋದಾಗ ನನ್ನ ಬೆನ್ನ ಹಿಂದಿನ ಬೋರ್ಡಿನತ್ತ ಕೈ ತೋರಿಸಿದರು.

“ದಿನಾ ನೀವ ಓದಿ ಹೇಳ್ತೀರಲ್ರಿ ಸುಬೇದಾರರ. ಮೂಗಿನ್ಯಾಗ ಹುಣ್ಣಾದಾಂವನ್ನ ಟ್ಯಾಂಕಿನ ಹತ್ರ ನಿಂದ್ರಿಸಬಾರ್ದು ಅಂತ. ನಿಯಮ ಮುರೀ ಅಂತೀರೇನು?”

“ಪ್ಯಾಕಿಂಗಿಗೆ ಹಾಕ್ರಿ ಹಂಗಾರ.”

“ಅಲ್ಲಿ ಜಾಗಾ ಇಲ್ರಿ.”

ನಾನು ಆ ಕಾರ್ಖಾನೆಯಲ್ಲಿದ್ದಷ್ಟು ಕಾಲ ಆ ಬೋರ್ಡಿನ ಒಂದೇ ಒಂದು ಸಾಲು ಅಕ್ಷರಶಃ ಜಾರಿಯಾಯಿತು. ಆ ಸಾಲು ಇದೇ.

ಶೇಠರು ಮಾಮಾನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಎಲ್ಲರ ಎದುರಿಗೆ ತೆಂಗಿನಕಾಯಿ ಕೊಟ್ಟು, ಬೆಲ್ಲದ ಒಂದು ಇಡೀ ದೊಡ್ಡ ಅಚ್ಚನ್ನು, ಪೆಂಟೆಯನ್ನೇ, ಅವನ ಕೈಗಿಟ್ಟರು. ಕೆಲಸಗಾರರು ಚಪ್ಪಾಳೆ ತಟ್ಟಿದರು. ನಾನು ಗೇಟಿನವರೆಗೆ ಅವನ ಜೊತೆ ಹೋದೆ. ಕಾತ್ರಜದ ಕಡೆ ಎಲ್ಲಾದರೂ ಕಟ್ಟಡದ ಕೆಲಸ ಹುಡುಕುತ್ತೇನೆ ಎಂದ. ರಸ್ತೆಯ ಪಕ್ಕ ನಿಂತು ಪೆಂಟೆಯನ್ನು ಮೂಗಿನ ಹತ್ತಿರ ಹಿಡಿದ, ಹೊರಳಿಸಿ ಮತ್ತೆ ಹಿಡಿದ. ಮೂಗು ಸಿಳ್ಳೆ ಹಾಕಿತು. ಆಮೇಲೆ ಅದನ್ನು ನನ್ನತ್ತ ಚಾಚಿದ.

“ಒಂದೀಟ ಮೂಸಿ ನೋಡ್ರಿ ಸಾಹೇಬ್ರ. ಛಲೋ ಅದ ಏನು? ನನಗ ವಾಸನಿ ತಿಳಿವಲ್ದು.”

ಮೂಸಿದೆ. ಹೊಸ ಬೆಲ್ಲ, ಕಬ್ಬಿನ ಹಾಲಿನ ಪರಿಮಳ ಇನ್ನೂ ಇತ್ತು.

“ಭಾಳ ಛಲೋ ಅದ ಮಾಮಾ” ಎಂದೆ.

ಬೆಲ್ಲದ ವಿಷಯದಲ್ಲಿ ಶೇಠರು ಎಂದೂ ಮೋಸ ಮಾಡಿದವರಲ್ಲ.