ಮೂರು ಮನೆಯ ಬಂದೂಕು

“ನಾ ನಳಗಿ ಅಷ್ಟ ಮಾಡಾಂವ್ರಿ. ಹಿಡಿಕಿಗೆ ಬಾಜು ಮನಿಗೆ ಹೋಗ್ರಿ” ಎಂದು ಹಿರಿಯಣ್ಣ ಬರೀ ನಳಿಗೆಯನ್ನು ನನ್ನ ಕೈಗಿಟ್ಟ. ಎಂಬತ್ತರ ದಶಕದ ಮಾತು. ಅಜ್ಜನ ಕಾಲದಿಂದ ಬೇಟೆ ಬಂದೂಕು ಮಾಡುತ್ತಿದ್ದ ಕಲಘಟಗಿಯ ಆ ಅಣ್ಣತಮ್ಮಂದಿರು ಬೇರೆಯಾದಾಗ ಬಂದೂಕನ್ನೂ ಪಾಲು ಮಾಡಿಕೊಂಡಿದ್ದರು: ಹಿರಿಯವನಿಗೆ ನಳಿಗೆ, ನಡುವಿನವನಿಗೆ ಹಿಡಿಕೆ, ಕಿರಿಯವನಿಗೆ ಗುಂಡು ಹಾರಿಸಲು ಎಳೆಯುವ ಕುದುರೆ. ಒಬ್ಬರಿಗೊಬ್ಬರು ಮಾತಿಲ್ಲ. ಅತ್ತ ತಂಬೂರ ಊರಿನ ನನ್ನ ಹೊಲದಲ್ಲಿ ಕಾಡುಹಂದಿ ಜೋಳ ಮೇಯುತ್ತಿದ್ದರೆ, ನಾನು ಇಲ್ಲಿ ಮೂರು ಬಾಗಿಲು ಅಲೆದೆ. ಬಂದೂಕು ಸಿದ್ಧವಾಯಿತು. ಆದರೆ ಅವರ ತಂದೆಯ ಹೆಸರಿನ ಅಚ್ಚು ಹೊಡೆಯದೆ ಯಾವ ಬಂದೂಕನ್ನೂ ಹೊರಗೆ ಕೊಡುವಂತಿಲ್ಲ. ಅಚ್ಚು ಅವರ ತಾಯಿಯ ಬಳಿ.

“ಮೂರೂ ಮಂದಿ ಬಂದು ನಿಂತ್ರ ಕೊಡ್ತೇನಿ” ಎಂದಳು ಮುದುಕಿ. ಅವರನ್ನು ಕರೆತರಲು ಮತ್ತೆ ನಾನೇ ಓಡಾಡಿದೆ. ಬಂದರು, ಮುಖ ತಿರುವಿಕೊಂಡು ನಿಂತರು. ಮುದುಕಿ ಅಚ್ಚು ಕೊಟ್ಟಳು, ಬಂದೂಕು ನನ್ನ ಕೈಗೆ ಬಂತು.

ಅಷ್ಟರಲ್ಲಿ ಹಂದಿಗಳು ಜೋಳ ಮುಗಿಸಿದ್ದವು. ಆದರೂ ಯಾರಾದರೂ ಬಂದೂಕು ಬೇಕೆಂದರೆ, ಬೈದುಕೊಳ್ಳುತ್ತಲೇ ಆ ಓಣಿಗೇ ಕಳಿಸುತ್ತಿದ್ದೆ. ಇಲ್ಲದಿದ್ದರೆ ಆ ಮೂವರು ಅವ್ವನ ಮುಂದೆ ಒಟ್ಟಿಗೆ ನಿಲ್ಲುವುದು ಯಾವಾಗ?